ಮುಧೋಳದ ದಾರಿಯಲ್ಲಿ ಒಂದು ಉದ್ದ ಕೋಟು

ಪತ್ತೇದಾರನೆಂದರೆ ಉದ್ದ ಕೋಟು ತೊಟ್ಟವನು. ಟೋಪಿಯನ್ನು ಹುಬ್ಬಿನ ತನಕ ಇಳಿಸಿದವನು. ಎದುರಿಗೆ ಪಿಸ್ತೂಲು ಹಿಡಿದು ನಿಂತವನನ್ನು ಕಂಡರೂ ತುಟಿಯ ಒಂದು ಮೂಲೆಯಿಂದ ಮಾತ್ರ ನಗುವವನು. ಅವನು ಪೆಟ್ಟು ತಿಂದರೂ ಬೀಳುವುದಿಲ್ಲ. ಬಿದ್ದರೂ ಕೋಟಿಗೆ ಮಣ್ಣು ಹತ್ತುವುದಿಲ್ಲ.

ಇಂಥವನನ್ನು ನಾನು ಜಮಖಂಡಿಯಲ್ಲಿ ಬಿ.ಎ. ಓದುವಾಗ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಿಂದ ಬಾಡಿಗೆಗೆ ತರುತ್ತಿದ್ದೆ. ರಾಜ್ಯಶಾಸ್ತ್ರದ ಪುಸ್ತಕದ ಹೊಟ್ಟೆಯಲ್ಲಿ ಅಡಗಿಸಿಟ್ಟು ಓದುತ್ತಿದ್ದೆ. ನನಗಿಂತ ಮೊದಲು ಓದಿದವರ ಚಹದ ಕಲೆ, ಎಣ್ಣೆಯ ಬೆರಳು, ಮಡಚಿದ ಮೂಲೆ ಎಲ್ಲವೂ ಆ ಹಾಳೆಗಳಲ್ಲಿ ಇರುತ್ತಿದ್ದವು. ಒಂದೊಂದು ಸಲ ಕೊಲೆಗಾರ ಸಿಗುವ ಹಾಳೆಯೇ ಇರುತ್ತಿರಲಿಲ್ಲ. ಆಗ ನಾವು ಗೆಳೆಯರು ಕಾಲೇಜಿನ ಕಟ್ಟೆಯ ಮೇಲೆ ಕೂತು, ಸಂಜೆಯ ತನಕ ವಾದ ಮಾಡಿ, ಬಹುಮತದಿಂದ ಯಾರನ್ನಾದರೂ ಗಲ್ಲಿಗೇರಿಸುತ್ತಿದ್ದೆವು. ಟಾಕೀಸಿನ ಪರದೆಯ ಮೇಲೆ ಪತ್ತೇದಾರ ಮಳೆಯಲ್ಲಿ ಒಬ್ಬನೇ ನಡೆದುಹೋದರೆ, ನಾವು ಹೊರಬಂದು ಸುಡುವ ಬಿಸಿಲಿನಲ್ಲಿ ಕಾಲರ್ ಎತ್ತಿ ನಡೆಯುತ್ತಿದ್ದೆವು. ಆ ಕಾಲದಲ್ಲೇ ನಾನು ಸಂತೆಯಲ್ಲಿ ಮೊಣಕಾಲು ಮುಚ್ಚುವ ಒಂದು ಹಳೆಯ ಕಂದು ಕೋಟು ಕೊಂಡೆ. ಒಂದು ದಿನ ಬೇಕಾದೀತು ಎಂಬ ನಂಬಿಕೆ ಇತ್ತು.

ಆಮೇಲೆ ನಮ್ಮೂರು ಬನಹಟ್ಟಿಯಲ್ಲಿ ಸೀರೆ ಅಂಗಡಿ ಹಾಕಿದೆ, ಮದುವೆಯಾದೆ. ಹೆಂಡತಿ ಗಿರಿಜಾಳಿಗೂ ಓದುವ ಹವ್ಯಾಸವಿತ್ತು. ಆದರೆ ಅವಳು ಕಡೆಯ ಪುಟವನ್ನೇ ಮೊದಲು ಓದುವವಳು. ನಾನು ಮೊದಲನೆಯ ಹೆಣದ ಹತ್ತಿರ ಕೂತು ಬೆವರುತ್ತಿದ್ದರೆ ಅಡುಗೆಮನೆಯಿಂದ ದನಿ ಬರುತ್ತಿತ್ತು: "ಕೊಂದಾವ ಆ ಡಾಕ್ಟರ್ ಅದಾನ ನೋಡ್ರಿ. ರೊಟ್ಟಿ ಆರತಾವ, ಊಟಕ್ಕ ಬರ್ರಿ."

ಇಷ್ಟು ಅನುಭವವುಳ್ಳ ನನಗೆ ಕಳೆದ ಕಬ್ಬಿನ ಹಂಗಾಮಿನಲ್ಲಿ ಕೊನೆಗೂ ಒಂದು ಕೇಸು ಸಿಕ್ಕಿತು. ಅಕ್ಕನ ಮಗಳು ಸವಿತಾಳಿಗೆ ಮುಧೋಳದ ಬಳಿಯ ಹಳ್ಳಿಯೊಂದರ ಮಲ್ಲು ಎಂಬ ಹುಡುಗನ ಸಂಬಂಧ ಬಂದಿತ್ತು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಹುಡುಗಿಯ ಸೋದರಮಾವ ಹುಡುಗನ ಊರಿಗೆ ಹೋಗಿ, ಕಟ್ಟೆಯ ಮೇಲೆ ಕೂತು, ಚಹ ಕುಡಿದು, "ಹುಡುಗ ಹ್ಯಾಂಗ ಅದಾನ್ರಿ?" ಎಂದು ನೇರವಾಗಿ ಕೇಳಿ ಬರುವುದು ರೂಢಿ. ಊರವರೂ ನೇರವಾಗಿ ಹೇಳುತ್ತಾರೆ. ನನಗೆ ಈ ಪದ್ಧತಿ ತೀರ ಬಾಲಿಶವೆನಿಸಿತು.

"ತಮ್ಮಾ, ಕುಡೀತಾನೇನು ಅನ್ನೂದೊಂದು ತಿಳಕೊಂಡು ಬಾ," ಎಂದಳು ಅಕ್ಕ.

ಸವಿತಾ ಮಾತ್ರ ಹೊಸ್ತಿಲ ತನಕ ಬಂದು ಮೆಲ್ಲಗೆ, "ಮಾಮಾ, ಅವರು ನನಗ ಮನಸಿಗೆ ಬಂದಾರ. ನೀ ಏನೂ ಕೆಡಸಬ್ಯಾಡ," ಎಂದಳು. ಆ ಮಾತು ನನ್ನ ಎದೆಯಲ್ಲಿ ಕೂತಿತು. ಇದರಲ್ಲಿ ತಪ್ಪಾಗಕೂಡದು. ವೃತ್ತಿಪರವಾಗಿಯೇ ಆಗಬೇಕು.

ಮರುದಿನ ಟ್ರಂಕಿನಿಂದ ಕೋಟು ತೆಗೆದೆ. ನುಸಿಗುಳಿಗೆಯ ವಾಸನೆಯ ಜೊತೆಗೆ ನನ್ನ ಇಪ್ಪತ್ತರ ಹರೆಯವೂ ಹೊರಗೆ ಬಂತು.

"ರಬಕವಿಗೆ ಹೋಗಿ ಬರತೀನಿ," ಎಂದು ಗಿರಿಜಾಳಿಗೆ ಪಕ್ಕದೂರಿನ ಹೆಸರು ಹೇಳಿದೆ. ಪತ್ತೇದಾರ ಹೋಗುವ ಊರು ಹೆಂಡತಿಗೂ ಗೊತ್ತಾಗಬಾರದು.

"ಕೋಟ ಹಾಕ್ಕೊಂಡು?" ಎಂದಳು. ಮುಂದೆ ಏನೂ ಕೇಳಲಿಲ್ಲ. ನಾನು ಬಚಾವಾದೆ ಎಂದುಕೊಂಡೆ.

ಹಳ್ಳಿಯ ಚಹದಂಗಡಿಯಲ್ಲಿ ಕಪ್ಪು ಕನ್ನಡಕ ಏರಿಸಿ, ಪಕ್ಕದಲ್ಲಿ ಕೂತ ರುಮಾಲಿನ ಅಜ್ಜನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದೆ: "ಇಲ್ಲೆ ಮಲ್ಲು ಅನ್ನಾವ ಕುಡೀತಾನೇನ್ರಿ?"

ಅಂಗಡಿಯೆಲ್ಲ ತಿರುಗಿ ನೋಡಿತು. ರಸ್ತೆಯಾಚೆ ಗಡ್ಡ ಮಾಡಿಸಿಕೊಳ್ಳುತ್ತಿದ್ದವನೂ ನೋಡಿದ. ದಿನವಿಡೀ ಮಗ್ಗಗಳು ಖಟಖಟ ಎನ್ನುವ ಓಣಿಯಲ್ಲಿ ಬೆಳೆದ ಬನಹಟ್ಟಿಯವರಿಗೆ ಪಿಸುಮಾತು ಬರುವುದಿಲ್ಲ ಎಂಬುದನ್ನು ನಾನು ಮರೆತಿದ್ದೆ.

"ಕುಡಿಯಂಗಿಲ್ರೀ. ಛಲೋ ಹುಡುಗ. ಹೊಲದಾಗ ಅದಾನ, ಕರಸಲೇನು?" ಎಂದ ಅಜ್ಜ.

ಕೇಸು ಅಲ್ಲಿಗೇ ಮುಗಿದಿತ್ತು. ಆದರೆ ಪುಸ್ತಕಗಳಲ್ಲಿ ಮೊದಲನೆಯ ಸಾಕ್ಷಿ ಯಾವಾಗಲೂ ಸುಳ್ಳು ಹೇಳುತ್ತಾನೆ. ನಾನು ತುಟಿಯ ಒಂದು ಮೂಲೆಯಿಂದ ನಕ್ಕು, ಹೊಲದ ದಾರಿ ಹಿಡಿದೆ.

ಕಬ್ಬಿನೊಳಗೆ ನುಗ್ಗಿ ಕೂತೆ. ಗರಿಗಳು ಮುಖ ಕೊಯ್ಯುತ್ತಿದ್ದವು. ಉಣ್ಣೆಯ ಕೋಟಿನೊಳಗೆ ನಾನು ಸಾವಕಾಶವಾಗಿ ಬೇಯುತ್ತಿದ್ದೆ. ಎದುರಿಗೆ ಪಂಪಿನ ಮನೆಯ ನೆರಳಲ್ಲಿ, ಫೋಟೋದಲ್ಲಿ ಕಂಡಿದ್ದ ಮಲ್ಲು ಕೂತಿದ್ದ. ಅವನ ಕೈಯಲ್ಲಿ ಬಾಟಲಿ ಇತ್ತು! ಸರಿಯಾಗಿ ನೋಡಲು ಒಂದು ಹೆಜ್ಜೆ ಮುಂದಿಟ್ಟೆ. ಅವನು ಬಾಟಲಿಯನ್ನು ಬಗ್ಗಿಸಿ ಒಂದು ಬೋಗುಣಿಗೆ ಹಾಲು ಸುರಿದ. ಬೋಗುಣಿಯಿಂದ ಒಂದು ಉದ್ದನೆಯ, ತೆಳ್ಳನೆಯ ಮುಖ ಮೇಲಕ್ಕೆದ್ದು ನೇರವಾಗಿ ನನ್ನನ್ನು ನೋಡಿತು.

ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ನಾಯಿ. ಸುಮ್ಮನೆ ನಿಂತವನನ್ನು ಬಿಟ್ಟೀತು, ಓಡಿದವನನ್ನು ಬಿಡದು. ನಮ್ಮ ಸೀಮೆಯಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು.

ಓಡಿದೆ.

"ಓಡಬ್ಯಾಡ್ರೀ, ಅಲ್ಲೇ ನಿಂದರ್ರಿ! ಬಿಜಲೀ, ಬಾ ಇಲ್ಲೆ!" ಎಂದು ಮಲ್ಲು ಕೂಗುತ್ತಿದ್ದ. ಬಿಜಲಿ ಎಂಬ ಹೆಸರನ್ನು ಅದಕ್ಕೆ ಸುಮ್ಮನೆ ಇಟ್ಟಿರಲಿಲ್ಲ. ಹಿಂದೆ ನೆಲಕ್ಕೆ ಕಾಲು ಬಡಿಯುವ ಸದ್ದೇ ಇಲ್ಲ, ಬರೀ ಉಸಿರು. ಆ ಉಸಿರು ಈಗಲೂ ನನಗೆ ಕೇಳುತ್ತದೆ. ಅಂಗಡಿಯಲ್ಲಿ ಸೀರೆ ಬಿಚ್ಚಿ ಹರಡಿದಾಗ ಸರ್ ಎಂದರೂ ನಾನು ಗಲ್ಲಾದ ಮೇಲೆ ಕಾಲೆತ್ತಿ ಕೂರುತ್ತೇನೆ. ಗಿರಾಕಿಗಳು ಏನಾದರೂ ಅಂದುಕೊಳ್ಳಲಿ.

ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರಿನ ಹಗ್ಗ ಹಿಡಿದು ನಾನು ಮೇಲೇರಿದೆ. ಕೋಟು ಏರಲಿಲ್ಲ. ಅದರ ತುದಿ ಬಿಜಲಿಯ ಬಾಯಲ್ಲಿತ್ತು. ಒಂದು ತೋಳು ಕಳಚಿದೆ, ಇನ್ನೊಂದನ್ನೂ ಕಳಚಿದೆ. ಮೂವತ್ತು ವರ್ಷದ ಕನಸು ಕೆಳಗೆ ಬಿತ್ತು. ಅಷ್ಟರಲ್ಲಿ ಟ್ರ್ಯಾಕ್ಟರ್ ಹೊರಟಿತು. ಚಾಲಕ ಹಚ್ಚಿದ್ದ ಹಾಡಿನ ಅಬ್ಬರದಲ್ಲಿ ಬನಹಟ್ಟಿಯ ಗಂಟಲೂ ಅವನಿಗೆ ಕೇಳಿಸಲಿಲ್ಲ.

ಹೀಗೆ ನಾನು ಬನಿಯನ್ನಿನಲ್ಲಿ, ಕಬ್ಬಿನ ಮೇಲೆ ಬೋರಲಾಗಿ, ಮೆರವಣಿಗೆಯಂತೆ ಊರೊಳಗೆ ಬಂದೆ. ಅಂಗಿಯೂ ಹಗ್ಗದ ಕೊಂಡಿಗೆ ಸಿಕ್ಕಿ ಹರಿದುಹೋಗಿತ್ತು. ಚಹದಂಗಡಿಯ ಅಜ್ಜ ಎದ್ದು ನಿಂತು ಕೇಳಿದ: "ಏನ್ರೀ, ತಿಳೀತೇನು?"

ಕಬ್ಬು ಮಲ್ಲುವಿನ ಮನೆಯದೇ. ಹೀಗಾಗಿ ಚಾಲಕ ಮಜ್ಜಿಗೆ ಕುಡಿಯಲು ಟ್ರ್ಯಾಕ್ಟರ್ ನಿಲ್ಲಿಸಿದ್ದೂ ಅವರ ಬಾಗಿಲಲ್ಲೇ. ಮಲ್ಲುವಿನ ತಂದೆ ಕಟ್ಟೆಯ ಮೇಲಿದ್ದರು. ಹುರಿಮೀಸೆ, ಬಿಗಿದ ಮುಖ. ನನ್ನ ಕಣ್ಣ ಮುಂದೆ ಸವಿತಾಳ ಮುಖ ಬಂತು. ಸಂಬಂಧ ಮುರಿಯಿತು. ಮುರಿದವನು ನಾನು.

"ಏನ ನೋಡಾಕ ಬಂದಿದ್ರಿ?"

ಸುಳ್ಳು ಹೇಳುವಷ್ಟು ಉಸಿರು ಉಳಿದಿರಲಿಲ್ಲ. "ಹುಡುಗ ಕುಡೀತಾನೇನು ಅಂತರಿ."

"ಕುಡೀತಾನೇನು?"

"ಇಲ್ರಿ. ನಾಯಿ ಕುಡೀತೈತಿ. ಹಾಲು."

ಅವರ ಹುರಿಮೀಸೆ ಅಲುಗಾಡತೊಡಗಿತು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಒಳಗಿನಿಂದ ಮಲ್ಲುವಿನ ತಾಯಿ ತಂಬಿಗೆಯಲ್ಲಿ ನೀರು ತಂದರು. "ಕಾಲ ತೊಳಕೋರ್ರಿ ಬೀಗರ, ರೊಟ್ಟಿ ಝುಣಕಾ ಆಗೇತಿ. ನಿಮ್ಮ ಮನಿಯವರು ಮುಂಜಾನೇನ ಫೋನ್ ಮಾಡಿದ್ರು. 'ನಮ್ಮವರು ಕೋಟ ಹಾಕ್ಕೊಂಡು ಬರಾಕತ್ತಾರ. ಅಡ್ಡ್ಯಾಡಿ ದಣದಿರತಾರ, ಊಟಾ ಹಾಕಿ ಕಳಸ್ರಿ' ಅಂದ್ರು."

ಗಿರಿಜಾ ಈ ಸಲವೂ ಕಡೆಯ ಪುಟ ಮೊದಲೇ ಓದಿದ್ದಳು. ಮಲ್ಲುವಿನ ಅಂಗಿ ತೊಟ್ಟು ಮನೆಗೆ ಮರಳಿದಾಗ ಅವಳು ಕೇಳಿದ್ದು ಒಂದೇ: "ರಬಕವ್ಯಾಗ ಝುಣಕಾ ಖಾರ ಇತ್ತೇನ್ರಿ?"

ಸವಿತಾಳ ಮದುವೆ ಚೆನ್ನಾಗಿಯೇ ಆಯಿತು. ಹಂದರದಲ್ಲಿ ಮಲ್ಲುವಿನ ಊರಿನವರೆಲ್ಲ ನನ್ನನ್ನು ಗುರುತು ಹಿಡಿದು ಮಾತಾಡಿಸಿದರು. ಗುರುತು ಸಿಗದಂತಿರುವುದು ಪತ್ತೇದಾರನ ಮೊದಲ ಅರ್ಹತೆ.

ಮೊನ್ನೆ ಅಳಿಯ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಬಿಜಲಿ ಮರಿ ಹಾಕಿದೆ. ಕೆಳಗೆ ಹಾಸಿರುವುದು ನನ್ನ ಕಂದು ಕೋಟು. ಬಹಳ ಹೊತ್ತು ನೋಡಿದೆ. ಬಾಡಿಗೆ ಪುಸ್ತಕದ ವಾಸನೆ, ಕಾಲೇಜಿನ ಕಟ್ಟೆ, ಬಿಸಿಲಲ್ಲಿ ಎತ್ತಿದ ಕಾಲರ್ ಎಲ್ಲ ನೆನಪಾದವು. ದುಃಖವೇನೂ ಆಗಲಿಲ್ಲ. ಆ ಕೋಟು ಕೊನೆಗೂ ಬೆನ್ನಟ್ಟಲು ಬಲ್ಲವರ ಮನೆ ಸೇರಿದೆ.