ಸಂಕಲ್ಪಕ್ಕೆ ನಾನು ಬರೆದ ಪ್ರೋಗ್ರಾಮು

ಒಂದು ಹೆಸರಿನ ಪಕ್ಕದಲ್ಲಿ ಇನ್ನೊಂದು ಹೆಸರನ್ನು ತಂದು ಕೂರಿಸುವುದು ಜಗತ್ತಿನ ಅತಿ ಸುಲಭದ ಕೆಲಸ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬದೆ ಏನು ಮಾಡಲಿ? ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಅದರಲ್ಲೂ ಲಿಸ್ಪ್ ಎಂಬ ಭಾಷೆಯನ್ನು ಕಲಿಸುವವಳು. ಲಿಸ್ಪ್ ಎಂದರೆ ಕಂಪ್ಯೂಟರ್ ಭಾಷೆಗಳಿಗೆಲ್ಲ ಅಜ್ಜಿ. ಅದರಲ್ಲಿ ಎಲ್ಲವೂ ಪಟ್ಟಿ, ಎಲ್ಲದಕ್ಕೂ ಬ್ರ್ಯಾಕೆಟ್ಟು. ನಮ್ಮ ಕಾಲೇಜಿನಲ್ಲಿ ಅದನ್ನು ಕಲಿಸಲು ಬರುವುದು ನನಗೊಬ್ಬಳಿಗೇ. ಕಲಿಯಲು ಬರುವವರೂ ಹೆಚ್ಚುಕಡಿಮೆ ಅಷ್ಟೇ ಮಂದಿ!

ನನ್ನ ಮಾವ ವಾಸುದೇವ ಭಟ್ಟರು ಬಿಜೈಯ ಒಳರಸ್ತೆಯಲ್ಲಿರುವ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಅಲ್ಲಿ ಹುಣ್ಣಿಮೆಗೆ ಸಾಮೂಹಿಕ ಸತ್ಯನಾರಾಯಣ ಪೂಜೆ ಇರುತ್ತದೆ. ಪೂಜೆಗೆ ಮೊದಲು ಸಂಕಲ್ಪ. ಪೂಜೆ ಮಾಡಿಸುವ ಒಂದೊಂದು ಮನೆಯ ಗೋತ್ರ, ನಕ್ಷತ್ರ, ಯಜಮಾನನ ಹೆಸರು, ಅವನ ಹೆಂಡತಿ ಮಕ್ಕಳ ಹೆಸರು ಎಲ್ಲವನ್ನೂ ಮಾವ ದೇವರೆದುರು ಗಟ್ಟಿಯಾಗಿ ಹೇಳಬೇಕು. ಜನ ಇದನ್ನೆಲ್ಲ ಚೀಟಿಯಲ್ಲಿ ಗೀಚಿ ಕೊಡುತ್ತಾರೆ. ಆ ಅಕ್ಷರಗಳನ್ನು ನೋಡಿದರೆ ಡಾಕ್ಟರುಗಳ ಔಷಧಿ ಚೀಟಿಯೇ ಎಷ್ಟೋ ವಾಸಿ ಅನ್ನಿಸುತ್ತದೆ. ಮಾವನ ಕನ್ನಡಕಕ್ಕೂ ಈಗ ವಯಸ್ಸಾಗಿದೆ.

ಆ ಸಲದ ಹುಣ್ಣಿಮೆ ಎಂದಿನಂಥದ್ದಲ್ಲ. ನನ್ನ ನಾದಿನಿ ಶ್ರುತಿಗೆ ಬಜಪೆಯ ಪ್ರಸನ್ನ ಎಂಬ ಹುಡುಗನ ಸಂಬಂಧ ಬಂದಿತ್ತು. ಜಾತಕ ಕೂಡಿತ್ತು. ಹುಡುಗನೂ ಹುಡುಗಿಯೂ ಒಪ್ಪಿ, ಒಪ್ಪಿದ್ದನ್ನು ಮೊಬೈಲಿನಲ್ಲಿ ದಿನವೂ ಖಚಿತಪಡಿಸಿಕೊಳ್ಳುತ್ತಿದ್ದರು. ಹುಡುಗನ ತಾಯಿ ಶಾರದಕ್ಕ ಮಾತ್ರ ಇನ್ನೂ ಹೂಂ ಎಂದಿರಲಿಲ್ಲ. "ಹುಣ್ಣಿಮೆ ಪೂಜೆಗೆ ಬರ್ತೇವೆ, ಮತ್ತೆ ಹೇಳ್ತೇವೆ" ಎಂದಿದ್ದರು. ಅಂದರೆ ನಮ್ಮ ಇಡೀ ಮನೆತನಕ್ಕೆ ಪರೀಕ್ಷೆ!

"ಶಾರದಕ್ಕನ ಎದುರು ನಾನು ಹೆಸರು ತಡವರಿಸಿದ್ರೆ ಆಗ್ಲಿಕ್ಕಿಲ್ಲ" ಎಂದರು ಮಾವ. "ಸುಜಾತಾ, ಎಲ್ಲರ ಹೆಸರು ದೊಡ್ಡ ದೊಡ್ಡ ಅಕ್ಷರದಲ್ಲಿ, ಸೀದಾ ಓದಿಕೊಂಡು ಹೋಗುವ ಹಾಗೆ, ನಿನ್ನ ಕಂಪ್ಯೂಟರಿನಲ್ಲಿ ಮಾಡಿ ಕೊಡ್ಲಿಕ್ಕೆ ಆಗ್ತದಾ?"

"ಎಂತ ಮಾವ, ಅದು ಐದು ನಿಮಿಷದ ಕೆಲಸ!"

ನನ್ನ ಗಂಡ ರವಿ ಪೇಪರಿನಿಂದ ತಲೆ ಎತ್ತಿದರು. "ಸುಮ್ಮನೆ ಟೈಪ್ ಮಾಡಿ ಪ್ರಿಂಟ್ ತೆಗಿ ಮಾರಾಯ್ತಿ. ಅದಕ್ಕೆ ಪ್ರೋಗ್ರಾಮ್ ಗೀಗ್ರಾಮ್ ಅಂತ ಹೊರಡ್ಬೇಡ."

ನನಗೆ ಮೈ ಉರಿಯಿತು. ಟೈಪ್ ಮಾಡುವುದಕ್ಕೆ ನಾನೇ ಬೇಕೆ? ಮನೆ ಮನೆಯವರೂ ಹೆಸರನ್ನು ವಾಟ್ಸಾಪಿನಲ್ಲಿ ಕಳಿಸಲಿ, ನನ್ನ ಪ್ರೋಗ್ರಾಮು ಅವುಗಳನ್ನು ಎತ್ತಿ ಜೋಡಿಸಿ ಸಂಕಲ್ಪದ ಸಾಲು ಮಾಡಿ ಕೊಡಲಿ. ಈ ಹುಣ್ಣಿಮೆಗೆ ಮಾತ್ರವಲ್ಲ, ಮುಂದಿನ ಸಮಸ್ತ ಹುಣ್ಣಿಮೆಗಳಿಗೂ ಅದೇ ಸಾಕು. ಲೋಕಕಲ್ಯಾಣಾರ್ಥವಾಗಿ ನಾನು ಲ್ಯಾಪ್‌ಟಾಪ್ ತೆರೆದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಹೆಸರನ್ನೇ ಕೊಟ್ಟು ಮೊದಲ ಸಲ ಓಡಿಸಿದೆ. ಸಂಕಲ್ಪ ಬಂತು. ಅದರ ಕೆಳಗೆ ಅದೇ ಸಂಕಲ್ಪ ಇನ್ನೊಮ್ಮೆ ಬಂತು! ಎಲ್ಲಿ ಏನನ್ನು ಎರಡು ಸಲ ಸೇರಿಸಿದೆ ಎಂದು ಹುಡುಕಿ ಹುಡುಕಿ ಕಣ್ಣು ಬತ್ತಿತು. ಕೊನೆಗೆ ಗೊತ್ತಾದದ್ದು, ತಪ್ಪೇ ಇರಲಿಲ್ಲ. ಬರೆ ಎಂದರೆ ಲಿಸ್ಪ್ ಬರೆಯುತ್ತದೆ. ಆಮೇಲೆ 'ನಾನು ಬರೆದದ್ದು ಇದು' ಎಂದು ವರದಿಯನ್ನೂ ಒಪ್ಪಿಸುತ್ತದೆ. ಇದನ್ನು ನಾನು ಮೊದಲ ಪಾಠದಲ್ಲೇ ಹೇಳಿಕೊಡುತ್ತೇನೆ.

"ಎರಡು ಸಲ ಬಂದ್ರೆ ಬರ್ಲಿ ಬಿಡು" ಎಂದರು ರವಿ. "ದೇವರಿಗೆ ಸರಿಯಾಗಿ ಕೇಳ್ತದೆ."

ನಾನು ವರದಿ ಬಾರದಂತೆ ತಿದ್ದಿ ಹೊಸದಾಗಿ ಲೋಡ್ ಮಾಡಿದೆ. ಆಮೇಲೆ ನೆರೆಮನೆಯ ಗಣೇಶ ರಾಯರ ಹೆಸರು ಕೊಟ್ಟು ನೋಡಿದೆ. ಅವರು ಗೋತ್ರ ಬರೆದಿರಲಿಲ್ಲ. ತೆರೆಯ ಮೇಲೆ ಮೂಡಿತು: 'ನಿಲ್ ಗೋತ್ರೋದ್ಭವಸ್ಯ.' ನಾನು ಹೌಹಾರಿದೆ! ಲಿಸ್ಪ್ ಏನೂ ಇಲ್ಲ ಎನ್ನುವುದಕ್ಕೆ ನಿಲ್ ಎನ್ನುತ್ತದೆ. ಮಾವ ಇದ್ದದ್ದನ್ನು ಇದ್ದಹಾಗೆ ಓದುವವರು. ಶಾರದಕ್ಕನ ಎದುರು ಈ ಹೊಸ ಋಷಿಯನ್ನು ಕರೆದುಬಿಟ್ಟಿದ್ದರೆ ಏನು ಗತಿ?

"ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ಹೇಳುವುದಲ್ವಾ ಕ್ರಮ?" ಎಂದರು ರವಿ, ಪೇಪರಿನ ಹಿಂದಿನಿಂದಲೇ.

ಅದನ್ನೂ ಸೇರಿಸಿದೆ. ಗೋತ್ರ ಇದ್ದರೆ ಗೋತ್ರ, ಇಲ್ಲದಿದ್ದರೆ ಕಾಶ್ಯಪ. ಪ್ರೋಗ್ರಾಮನ್ನು ಹೊಸದಾಗಿ ಲೋಡ್ ಮಾಡಿ ನಮ್ಮ ಮನೆಯ ಹೆಸರಿನಿಂದ ಮತ್ತೊಮ್ಮೆ ಓಡಿಸಿದೆ. ಆಹಾ! ಯಜಮಾನ ವಾಸುದೇವ, ಧರ್ಮಪತ್ನೀ ಲಲಿತಾ, ಪುತ್ರ ರವಿ, ಸೊಸೆ ಸುಜಾತಾ, ಪುತ್ರೀ ಶ್ರುತಿ. ಒಂದು ಅಲ್ಪವಿರಾಮವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಮ್ಮೆ ಸರಿಯಾಗಿ ಬಂದದ್ದು ಮುಂದಿನ ಸಲವೂ ಸರಿಯಾಗಿಯೇ ಬರಬೇಕಲ್ಲವೇ? ಎರಡು ಮನೆಗಳನ್ನು ಒಂದರ ಹಿಂದೆ ಒಂದು ಓಡಿಸಿ ನೋಡುವ ಯೋಚನೆ ನನ್ನಂಥ ವಿದ್ಯಾವಂತೆಗೆ ಬರಲೇ ಇಲ್ಲ.

ಹುಣ್ಣಿಮೆಯ ಸಂಜೆ. ಪೂಜೆಗೆ ಹೊರಡುವ ಹೊತ್ತಿನವರೆಗೂ ಹೆಸರುಗಳು ಬರುತ್ತಲೇ ಇದ್ದವು. ಕೊನೆಯ ಹೆಸರು ಬಂದದ್ದೇ ತಡ, ಎಲ್ಲವನ್ನೂ ಒಮ್ಮೆಗೆ ಓಡಿಸಿ, ಪೆನ್‌ಡ್ರೈವ್ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಗೆ ಓಡಿದೆ. ಪ್ರಿಂಟರ್ ಕಾಗದ ಉಗುಳಲು ತೊಡಗಿತು. ಉಗುಳಿತು, ಉಗುಳಿತು, ನಿಲ್ಲುವ ಲಕ್ಷಣವೇ ಇಲ್ಲ.

"ಟೀಚರ್, ಇದೆಂತ ಪಿಎಚ್‌ಡಿಯಾ?" ಎಂದರು ಅಂಗಡಿಯವರು. "ಸ್ಪೈರಲ್ ಬೈಂಡಿಂಗ್ ಮಾಡ್ಬೇಕಾ?"

"ದೊಡ್ಡ ಅಕ್ಷರ ಅಲ್ವಾ, ಹಾಗೆ ದಪ್ಪ ಆದದ್ದು" ಎಂದು ಹೆಮ್ಮೆಯಿಂದಲೇ ಹೇಳಿದೆ. ಮೊದಲ ಹಾಳೆ ನೋಡಿದೆ, ನಮ್ಮ ಮನೆಯದು, ಸೊಗಸಾಗಿತ್ತು. ಉಳಿದದ್ದನ್ನು ನೋಡಲು ಪುರುಸೊತ್ತು ಎಲ್ಲಿತ್ತು?

ದೇವಸ್ಥಾನ ತುಂಬಿತ್ತು. ಶಾರದಕ್ಕ ಹೆಂಗಸರ ಮೊದಲ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅವರ ಹಿಂದೆ ನಾನು, ನನ್ನ ಪಕ್ಕ ಅತ್ತೆ, ಕಂಬದ ಮರೆಯಲ್ಲಿ ಶ್ರುತಿ. ಆಚೆ ಬದಿಯಲ್ಲಿ ಗಂಡಸರ ನಡುವೆ ಪ್ರಸನ್ನ. ರವಿ ಗಂಟೆ ಹಿಡಿದು ಮಾವನ ಹತ್ತಿರ ನಿಂತಿದ್ದರು. ಮಾವ ಕಾಗದದ ಕಟ್ಟನ್ನು ಕಣ್ಣಿಗೊತ್ತಿಕೊಂಡು, ನನ್ನ ಕಡೆ ಮೆಚ್ಚುಗೆಯಿಂದ ನೋಡಿ, ಶುರು ಮಾಡಿದರು.

ಕ್ರಮದಂತೆ ಅರ್ಚಕರ ಮನೆಯದೇ ಮೊದಲು. ಮಾವನ ಕಂಚಿನ ಕಂಠದಲ್ಲಿ ನಮ್ಮೆಲ್ಲರ ಹೆಸರುಗಳು ಗರ್ಭಗುಡಿಗೆ ಹೋಗಿ ಮುಟ್ಟಿದವು. ಶಾರದಕ್ಕ ತಲೆದೂಗಿದರು. ಅರ್ಧ ಮದುವೆ ಆದ ಹಾಗೆಯೇ ಎಂದುಕೊಂಡೆ.

ಎರಡನೆಯದು ಗಣೇಶ ರಾಯರ ಮನೆ.

"ಕಾಶ್ಯಪ ಗೋತ್ರೋದ್ಭವಸ್ಯ, ರೋಹಿಣೀ ನಕ್ಷತ್ರೇ ಜಾತಸ್ಯ, ಗಣೇಶ ಶರ್ಮಣಃ, ಸಹಕುಟುಂಬಸ್ಯ, ಧರ್ಮಪತ್ನೀ ಲಲಿತಾ..."

ನಾನು ಕಿವಿ ಚುರುಕು ಮಾಡಿದೆ. ರಾಯರ ಹೆಂಡತಿಯ ಹೆಸರು ಸುಮತಿ. ಲಲಿತಾ ನನ್ನ ಅತ್ತೆ!

ಮಾವನ ಧ್ವನಿ ಒಂದು ಗಳಿಗೆ ತಡೆಯಿತು. ಆದರೆ ಸಂಕಲ್ಪವನ್ನು ಅರ್ಧದಲ್ಲಿ ನಿಲ್ಲಿಸಬಾರದು. ಮೇಲಾಗಿ ಊರಿನಲ್ಲಿ ಲಲಿತೆಯರಿಗೆ ಬರವೇ? ಅವರು ಮುಂದುವರಿಸಿದರು. "ಪುತ್ರ ರವಿ, ಸೊಸೆ ಸುಜಾತಾ, ಪುತ್ರೀ ಶ್ರುತಿ, ಧರ್ಮಪತ್ನೀ ಸುಮತಿ, ಪುತ್ರ ಅನೂಪ..."

ರವಿಯ ಕೈಯಲ್ಲಿದ್ದ ಗಂಟೆ ತಾನಾಗಿ ಟಿಣ್ ಎಂದಿತು. ಗಣೇಶ ರಾಯರು ಕಣ್ಣು ಮುಚ್ಚಿ ಭಕ್ತಿಯಿಂದ ಕೈಮುಗಿದುಕೊಂಡೇ ಇದ್ದರು. ಸುಮತಿ ಅಕ್ಕ ಮಾತ್ರ ತಿರುಗಿ ನನ್ನ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವರಿಗೆ ಇದೆಂತ ಆಯ್ತು?" ಎಂದರು ಅತ್ತೆ, ನನ್ನ ಕಿವಿಯಲ್ಲಿ. "ದೇವರ ಎದುರು ನನ್ನನ್ನೇ ರಾಯರಿಗೆ ಕೊಟ್ಟರಲ್ಲ!"

ಏಳೋಣವೆಂದರೆ ಮುಂದೆ ಶಾರದಕ್ಕ, ಕೂಗೋಣವೆಂದರೆ ಎದುರಿಗೆ ದೇವರು. ಅಷ್ಟರಲ್ಲಿ ಮಾವ ಮೂರನೆಯ ಮನೆಗೆ ಬಂದಾಗಿತ್ತು. ಮೂರನೆಯದು ಯಾರದು? ಬಜಪೆಯ ಪ್ರಸನ್ನನದು! ಅತಿಥಿಗಳೆಂದು ಗೌರವದಿಂದ ಮೇಲೆ ಹಾಕಿದವಳು ನಾನೇ.

"ಪ್ರಸನ್ನ ಶರ್ಮಣಃ, ಸಹಕುಟುಂಬಸ್ಯ, ಧರ್ಮಪತ್ನೀ ಲಲಿತಾ, ಪುತ್ರ ರವಿ, ಸೊಸೆ ಸುಜಾತಾ, ಪುತ್ರೀ ಶ್ರುತಿ, ಧರ್ಮಪತ್ನೀ ಸುಮತಿ, ಪುತ್ರ ಅನೂಪ, ಮಾತಾ ಶಾರದಾ..."

ಮದುವೆಯೇ ಆಗದ ಹುಡುಗನಿಗೆ ಇಬ್ಬರು ಹೆಂಡಂದಿರು! ಇಬ್ಬರಿಗೂ ಮೊಮ್ಮಕ್ಕಳನ್ನು ಆಡಿಸುವ ವಯಸ್ಸು. ಅವನು ಮದುವೆಯಾಗಬೇಕಾದ ಹುಡುಗಿ ಅವನಿಗೇ ಮಗಳು. ನಾನು ಸೊಸೆ. ನನ್ನ ಗಂಡ ಅವನ ಮಗ. ದೇವರ ಸಾಕ್ಷಿಯಾಗಿ!

ಶಾರದಕ್ಕನ ಬೆನ್ನು ಮರಗಟ್ಟಿತು. ಪ್ರಸನ್ನ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ಪಾಪ, ಅಳುತ್ತಿದ್ದಾನೆ ಎಂದುಕೊಂಡೆ. ಕಂಬದ ಮರೆಯಲ್ಲಿ ಶ್ರುತಿ ನಿಜಕ್ಕೂ ಅಳುತ್ತಿದ್ದಳು.

ಮಾವ ನಾಲ್ಕನೆಯ ಹಾಳೆಯ ಮೇಲೆ ಕಣ್ಣಾಡಿಸಿದರು. ಅದು ಮುಗಿಯದೆ ಐದನೆಯ ಹಾಳೆಗೂ ಹರಿದಿತ್ತು. ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿದರು. ಆ ನೋಟ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಆಮೇಲೆ ಕಾಗದದ ಕಟ್ಟನ್ನು ಮಣೆಯ ಕೆಳಗೆ ಸರಿಸಿ, ಕಣ್ಣು ಮುಚ್ಚಿ, "ನಾನಾ ಗೋತ್ರಾಣಾಂ, ನಾನಾ ನಕ್ಷತ್ರೇಷು ಜಾತಾನಾಂ, ಸರ್ವೇಷಾಂ ಭಕ್ತಾನಾಂ" ಎಂದು ಒಂದೇ ಉಸಿರಿನಲ್ಲಿ ಇಡೀ ಸಭೆಯನ್ನು ದೇವರಿಗೆ ಒಪ್ಪಿಸಿಬಿಟ್ಟರು. ನಾನು ಒಂದು ಭಾನುವಾರವಿಡೀ ಕೂತು ಬರೆದದ್ದು ಆ ಒಂದು ಸಾಲಿನಲ್ಲಿ ಮುಗಿಯಿತು.

ಪೂಜೆ ನಡೆಯುತ್ತಿರುವಾಗಲೇ ನಾನು ಹೊರಗೆ ಬಂದು ಚಪ್ಪಲಿಗಳ ಮಧ್ಯೆ ಕೂತು, ಚೀಲದಲ್ಲಿದ್ದ ಲ್ಯಾಪ್‌ಟಾಪ್ ತೆರೆದೆ. ಪ್ರೋಗ್ರಾಮನ್ನು ಹೊಸದಾಗಿ ಲೋಡ್ ಮಾಡಿದೆ. ನಮ್ಮ ಮನೆ ಓಡಿಸಿದೆ, ಸರಿ. ಇನ್ನೊಮ್ಮೆ ಓಡಿಸಿದೆ. ಅತ್ತೆ ಎರಡು ಸಲ ಬಂದರು! ಮತ್ತೊಮ್ಮೆ ಓಡಿಸಿದೆ. ಮೂರು ಸಲ! ನೋಡುನೋಡುತ್ತಿದ್ದಂತೆ ನನ್ನ ಎದುರು ಅತ್ತೆಯರ ಸಂತೆಯೇ ನೆರೆಯಿತು.

ಆಗ ಕಣ್ಣಿಗೆ ಬಿತ್ತು. ಪ್ರೋಗ್ರಾಮಿನಲ್ಲಿ ನಾನು 'ಸಹಕುಟುಂಬಸ್ಯ' ಎಂಬ ಒಂದೇ ಪದದ ಪುಟ್ಟ ಪಟ್ಟಿ ಇಟ್ಟಿದ್ದೆ. ಪ್ರತಿ ಮನೆಗೂ ಅದರ ಹೊಸ ನಕಲು ತೆಗೆದು, ನಕಲಿನ ಬಾಲಕ್ಕೆ ಆ ಮನೆಯವರ ಹೆಸರು ಸೇರಿಸಬೇಕಿತ್ತು. ಅದಕ್ಕೆ ಲಿಸ್ಪ್‌ನಲ್ಲಿ ಅಪೆಂಡ್ ಎನ್ನಬೇಕು. ನಾನು ಎನ್‌ಕಾಂಕ್ ಎಂದಿದ್ದೆ. ಅದು ನಕಲು ತೆಗೆಯುವುದಿಲ್ಲ. ಮೂಲದ ಬಾಲಕ್ಕೇ ಗಂಟು ಹಾಕುತ್ತದೆ. ಒಂದು ಮನೆಯ ಸಂಸಾರ ಅಲ್ಲೇ ಉಳಿಯಿತು, ಅದರ ಹಿಂದೆ ಮುಂದಿನ ಮನೆಯ ಸಂಸಾರ ಬಂದು ಕೂತಿತು. ಭಾನುವಾರ ಪ್ರತಿ ಸಲ ತಿದ್ದಿ ಹೊಸದಾಗಿ ಲೋಡ್ ಮಾಡುತ್ತಿದ್ದುದರಿಂದ ಪಟ್ಟಿ ಮತ್ತೆ ಒಂದೇ ಪದದ್ದಾಗುತ್ತಿತ್ತು, ಬಾಲ ಬೆಳೆದದ್ದು ಕಾಣಲೇ ಇಲ್ಲ. ಆಘಾತವೇನೆಂದರೆ, ಇದೇ ತಪ್ಪನ್ನು ಹುಡುಕಿ ಎಂದು ನಾನು ಪರೀಕ್ಷೆಯಲ್ಲಿ ಪ್ರಶ್ನೆ ಕೊಡುವುದುಂಟು. ಬರೆಯದ ಮಕ್ಕಳಿಗೆ ಸೊನ್ನೆಯನ್ನೂ ಕೊಡುವುದುಂಟು!

ಅತ್ತೆ ಹೊರಗೆ ಬಂದರು. ಕೈಯಲ್ಲಿ ಮಲ್ಲಿಗೆಯ ಉದ್ದದ ಸರ ಹಿಡಿದು, ಬಂದ ಹೆಂಗಸರಿಗೆಲ್ಲ ತುಂಡು ತುಂಡು ಕತ್ತರಿಸಿ ಕೊಡುತ್ತಿದ್ದರು. ನಾನು ಅಳುಮುಖ ಮಾಡಿಕೊಂಡು ಎನ್‌ಕಾಂಕ್, ಅಪೆಂಡ್, ಮೂಲ, ನಕಲು ಎಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಕತ್ತರಿಸದೆ ಹಾಗೇ ಮುಂದೆ ಕೊಟ್ಟೆ ಅಂತ ಹೇಳು" ಎಂದರು. ಕತ್ತರಿ ಕಚಕ್ಕೆಂದಿತು.

ಶಾರದಕ್ಕ ಪ್ರಸಾದ ತೆಗೆದುಕೊಂಡು, ಹೂಂ ಎನ್ನದೆಯೇ ಮಗನೊಂದಿಗೆ ಬಜಪೆಗೆ ಹೊರಟುಹೋದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಶ್ರುತಿ ಕೋಣೆಯ ಬಾಗಿಲು ತೆರೆಯಲಿಲ್ಲ. ನನಗೆ ಯಾರೂ ಬೈಯಲಿಲ್ಲ. ಅದೇ ಹೆಚ್ಚು ಸಂಕಟವಾಯಿತು. ಒಂದು ಹುಡುಗಿಯ ಬಾಳನ್ನು ನಾನು ಬ್ರ್ಯಾಕೆಟ್ಟಿನೊಳಗೆ ಹಾಕಿ ಮುಚ್ಚಿಬಿಟ್ಟೆನಲ್ಲಾ ಎಂದು ಕುಗ್ಗಿಹೋದೆ.

ಬೆಳಿಗ್ಗೆ ಮಾವನ ಮೊಬೈಲು ಹೊಡೆದುಕೊಂಡಿತು. ಶಾರದಕ್ಕ! ಮಾವ ಸ್ಪೀಕರ್ ಒತ್ತಿದರು.

"ಭಟ್ರೇ, ನನ್ನ ಮಗ ನಿನ್ನೆಯಿಂದ ನಗುವುದು ನಿಲ್ಲಿಸ್ಲಿಲ್ಲ ಮಾರಾಯ್ರೆ. ಇವನ ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಇಷ್ಟು ನಗು ಕೇಳಿದ್ದೇ ಇಲ್ಲ. ನಮಗೆ ಒಪ್ಪಿಗೆ ಉಂಟು. ಒಂದೇ ಕಂಡೀಷನ್."

"ಹೇಳಿ, ಹೇಳಿ!"

"ಮದುವೆ ಕಾಗದದಲ್ಲಿ ಹೆಸರು ಹಾಕುವ ಕೆಲಸ ನಿಮ್ಮ ಸೊಸೆಗೆ ಕೊಡ್ಬೇಡಿ. ಯಾರಿಗೆ ಯಾರು ಅಂತ ಊರಿಗೆ ಸರಿಯಾಗಿ ಗೊತ್ತಾಗ್ಲಿ."

ಕೋಣೆಯ ಬಾಗಿಲು ಧಡಾರನೆ ತೆರೆಯಿತು. ಶ್ರುತಿ ಓಡಿ ಬಂದು ನನ್ನನ್ನು ತಬ್ಬಿಕೊಂಡಳು.

ಮದುವೆ ತೊಕ್ಕೊಟ್ಟಿನ ಒಂದು ಹಾಲ್‌ನಲ್ಲಿ ನಡೆಯಿತು. ಹೆಸರಿಗೂ ನನಗೂ ಸಂಬಂಧವೇ ಬಾರದಂತೆ, ಬಾಗಿಲಲ್ಲಿ ನಿಂತು ಹೆಂಗಸರಿಗೆ ಮಲ್ಲಿಗೆ ಮುಡಿಸುವ ಕೆಲಸ ಕೊಟ್ಟರು. ಇದರಲ್ಲಿ ಏನು ತಪ್ಪಾಗಲು ಸಾಧ್ಯ? ಮೊದಲು ಬಂದವರೇ ಶಾರದಕ್ಕ. ಎಷ್ಟು ಗೌರವದಿಂದ ಮುಡಿಸಿದೆ! ಪಿನ್ ಗಟ್ಟಿಯಾಗಿ ಚುಚ್ಚಿದೆ. ಅವರು ಮೆಚ್ಚಿ ನಕ್ಕು ಒಳಗೆ ಹೊರಟರು. ಹಿಂದೆಯೇ ಬಂದ ಸುಮತಿ ಅಕ್ಕನಿಗೂ ಸರ ಎಳೆದು ಮುಡಿಸಲು ಹೋದೆ.

ಶಾರದಕ್ಕನ ತಲೆ ಗಕ್ಕನೆ ಹಿಂದಕ್ಕೆ ಬಂತು!

"ಅಯ್ಯೋ ದೇವೆರೇ!" ಎಂದರು ಅವರು, ತುರುಬು ಹಿಡಿದುಕೊಂಡು. ಕತ್ತರಿ ನನ್ನ ಪಕ್ಕದ ತಟ್ಟೆಯಲ್ಲಿ ಇಟ್ಟ ಹಾಗೆಯೇ ಇತ್ತು.

ಅತ್ತೆ ಬಂದು, ಸರವನ್ನು ನಡುವೆ ಕತ್ತರಿಸಿ, ಹೂವಿನ ತಟ್ಟೆಯನ್ನು ನನ್ನ ಪಕ್ಕದಿಂದ ತೆಗೆದುಕೊಂಡು, ಪನ್ನೀರು ದಾನಿಯನ್ನು ಕೊಟ್ಟರು. ಅದರಲ್ಲಿ ಯಾವುದಕ್ಕೂ ಯಾವುದನ್ನೂ ಸೇರಿಸಬೇಕಾಗಿಲ್ಲ. ಬರೀ ಅಲ್ಲಾಡಿಸಿದರೆ ಸಾಕು.