ದುಂಡಪ್ಪನನ್ನು ಊರು ಬಿಡಿಸಿದ್ದು

ಮಹಾರಾಷ್ಟ್ರದ ಗಡಿಯಲ್ಲಿ, ನೂಲ ಎಂಬ ಊರಿನ ಆಚೆಗಿನ ಒಂದು ಸಣ್ಣ ಹಳ್ಳಿಯಲ್ಲಿ ಓದುಬರಹ ಬಾರದವನು ಒಬ್ಬನೇ ಉಳಿದಿದ್ದ: ಐವತ್ತೈದರ ದುಂಡಪ್ಪ. ಸರಕಾರ ಪ್ರೌಢರ ಸಾಲೆ ತೆರೆದು ವರ್ಷವಾಗಿತ್ತು. ಮುದುಕಿಯರೂ ಪಾಟಿ ಹಿಡಿದು ಹೋಗಿ ಸಹಿ ಕಲಿತಿದ್ದರು. ದುಂಡಪ್ಪ ಮಾತ್ರ, “ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ. ಎರಡೂ ಕೂಡಿ ಒಂದ ಮಾತಿಗೆ ಬರ್ಲಿ, ಆಮ್ಯಾಲ ನಾ ಬರ್ತೇನಿ,” ಎಂದು ಕುಳಿತಿದ್ದ.

ಸಾವಿರದ ಒಂಬೈನೂರ ಅರವತ್ಮೂರರ ಬೇಸಿಗೆಯ ಒಂದು ದಿನ, ಇಡೀ ಊರು ಅಕ್ಷರ ಕಲಿತಿದೆಯೆಂದು ಸಾರಲು ಕೊಲ್ಲಾಪುರದ ಸಾಹೇಬರು ಬರುವವರಿದ್ದರು. ಬೆಳಿಗ್ಗೆಯೇ ಸಾಲೆಯ ಧರಣೇಂದ್ರ ಮಾಸ್ತರರು ಪಂಚರನ್ನು ಕಟ್ಟಿಕೊಂಡು ದುಂಡಪ್ಪನ ಮನೆಗೆ ಬಂದರು.

“ದುಂಡಪ್ಪಣ್ಣ, ಇವತ್ತ ಗಡಹಿಂಗ್ಲಜಕ್ಕ ಹೋಗಿಬಿಡು. ಸಂಜೀತನಕ ಊರಾಗ ಕಾಣಬ್ಯಾಡ.”

“ಹೋಗ್ತೇನ್ರಿ. ಊರಿನ ಸಲವಾಗಿ ಇಷ್ಟಾದ್ರೂ ಮಾಡಬೇಕಲ್ಲ,” ಎಂದು ದುಂಡಪ್ಪ ರುಮಾಲು ಸುತ್ತಿ ಮದುಮಗನ ಠೀವಿಯಲ್ಲಿ ಹೊರಟ.

ಗಡಹಿಂಗ್ಲಜದಲ್ಲಿ ಭಜಿ ತಿಂದು ಚಹಾ ಕುಡಿಯುವಷ್ಟರಲ್ಲೇ ಅವನಿಗೆ ಬೇಸರ ಬಂತು. ಸಾಹೇಬರು ಬಂದು ಹೋಗಿರಬೇಕೆಂದುಕೊಂಡ. ಆದರೆ ಸ್ಟ್ಯಾಂಡಿನಲ್ಲಿ ಯಾವ ಬಸ್ಸಿನ ಬೋರ್ಡು ನೋಡಿದರೂ ಇರುವೆ ಹರಿದಾಡಿದಂತೆ ಕಂಡಿತು. ಅಷ್ಟರಲ್ಲಿ ಒಂದು ಜೀಪು ನಿಂತು, ಒಳಗಿದ್ದ ಕನ್ನಡಕದ ಗೃಹಸ್ಥರು ಅವನ ಊರಿನ ದಾರಿಯನ್ನೇ ಕೇಳಿದರು.

“ನಾನೂ ಅಲ್ಲಿಗೇ ಹೊಂಟೇನ್ರಿ. ನಡೀರಿ, ತೋರಸ್ತೇನಿ,” ಎಂದು ಹತ್ತಿ ಕೂತ.

ದಾರಿಯುದ್ದಕ್ಕೂ ಅವನ ಬಾಯಿಗೆ ಬಿಡುವಿರಲಿಲ್ಲ. “ನಮ್ಮ ಮಾಸ್ತರ ಭಾಳ ಶಾಣ್ಯಾ ಅದಾರ್ರಿ. ಸಾಹೇಬಗ ಗೊತ್ತಾಗಬಾರ್ದಂತ ನನ್ನ ಮುಂಜಾನೇನ ಊರ ಬಿಡಿಸ್ಯಾರ.”

“ಹೌದಾ? ಸಾಹೇಬ ಎಂಥಾವ?”

“ನೋಡಿಲ್ರಿ. ಪಾಪ, ಭೋಳೇ ಮನಷ್ಯಾ ಇರಬೇಕು.”

ಜೀಪು ಸಾಲೆಯ ಮುಂದೆ ನಿಂತಿತು. ಸ್ವಾಗತದ ಹಲಗೆ ವಾದ್ಯ ಬಾರಿಸತೊಡಗಿದರು. ಹಾರ ಹಿಡಿದು ಓಡಿಬಂದ ಮಾಸ್ತರರ ಕೈ ದುಂಡಪ್ಪನನ್ನು ಕಂಡು ಅರ್ಧಕ್ಕೇ ನಿಂತಿತು. ಪಕ್ಕದಲ್ಲಿ ಕೂತವರು ಯಾರೆಂದು ದುಂಡಪ್ಪನಿಗೂ ಆಗ ತಿಳಿಯಿತು.

“ಇವರು ನಮ್ಮೂರವರಲ್ರಿ, ಪಾವಣ್ಯಾರು, ಹುಪರಿ ಊರಿಂದ ಬಂದಾರ್ರಿ,” ಎಂದು ಮಾಸ್ತರರು ತೊದಲಿದರು.

ಹೆಂಗಸರ ಸಾಲಿನಿಂದ ಅವನ ಹೆಂಡತಿ ಬಾಳವ್ವ ಎದ್ದಳು. “ಏನ್ರಿ, ಸಂಜೀತನಕ ಬರಬ್ಯಾಡಂತ ಹೇಳಿದ್ರಲ್ಲ?”

ಸಾಹೇಬರು ಮಾಸ್ತರರ ಕೈಯಿಂದ ಹಾರ ತೆಗೆದುಕೊಂಡು ಮೇಜಿನ ಮೇಲಿಟ್ಟರು. “ತಿಂಗಳ ಬಿಟ್ಟ ಬರ್ತೇನಿ, ಮಾಸ್ತರ. ಅವತ್ತ ಸ್ವಾಗತದ ಭಾಷಣ ಈ ಪಾವಣ್ಯಾರು ಓದಬೇಕು. ನಿಮ್ಮ ಸಾಲ್ಯಾಗ ಪರೀಕ್ಷಾದಾಗ ಮೊದಲ ಬಂದವರ್ಯಾರು?”

“ಬಾಳವ್ವ ರೀ.”

“ಹಂಗಾರ ಅವರೇ ಕಲಸ್ಲಿ.”

ಬಾಳವ್ವ ಸೆರಗು ಸಿಕ್ಕಿಸಿ ಮುಂದೆ ಬಂದಳು. “ಮೂವತ್ತ ವರ್ಷ ನನ್ನ ಒಂದ ಮಾತ ಕೇಳಿಲ್ರಿ ಇವರು,” ಎಂದು ಸಾಹೇಬರಿಗೆ ಹೇಳಿ, ಗಂಡನಿಗೆ ಒಂದನೇ ಇಯತ್ತೆಯ ಮಕ್ಕಳು ಕೂಡುವ ಮಣೆ ತೋರಿಸಿದಳು. “ಕೂಡ್ರಿ. ಕೈ ಕಟ್ಟಿಕೊಂಡ ಕೂಡ್ರಿ.”

ದುಂಡಪ್ಪ ಕೂತ.