ಕಮಲಾಪುರಕ್ಕೆ ಒಯ್ದ ಬಯಕೆ ಬುತ್ತಿ

ಹೈದರಾಬಾದಿನ ಕಾಲೇಜಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಕಲಿಸಿದವನು ನಾನು. ಇಂಗ್ಲಿಷಿನಲ್ಲಿ ಓದಿ, ಉರ್ದುವಿನಲ್ಲಿ ಪಾಠ ಹೇಳಿ, ಕನ್ನಡದಲ್ಲಿ ಮರೆತವನು! ನಿಜಾಮ ಸರಕಾರದ ಪಿಂಚಣಿ ಹಿಡಿದು ಕಲಬುರಗಿಯ ಕೋಟೆ ಹತ್ತಿರದ ಮನೆಗೆ ಬಂದು ಕುಳಿತ ಮೇಲೆ ಜಗತ್ತಿನ ಯಾವ ಸಮಸ್ಯೆಯೂ ನನಗೆ ದೊಡ್ಡದೆನಿಸುತ್ತಿರಲಿಲ್ಲ. ಹೀಗಿರುವಾಗ ಒಂದು ಬುಟ್ಟಿಯನ್ನು ಕಮಲಾಪುರಕ್ಕೆ ಮುಟ್ಟಿಸುವುದು ಯಾವ ಮಹಾ ಕೆಲಸ!

ಕಮಲಾಪುರ ನಮ್ಮ ಒಬ್ಬಳೇ ಮಗಳು ನೀಲಮ್ಮನ ಗಂಡನ ಮನೆ. ಅವಳಿಗೆ ಆಗ ಏಳು ತಿಂಗಳು. ಬಸುರಿ ಮಗಳಿಗೆ ತವರಿನಿಂದ ಬಯಕೆ ಬುತ್ತಿ ಹೋಗಬೇಕು. ಬೀಗರ ಓಣಿಯ ಹೆಂಗಸರೆಲ್ಲ ಸೇರಿ ಅದನ್ನು ಬಿಚ್ಚಿ ನೋಡುತ್ತಾರೆ. ತವರಿನ ಮಾನ ಇರುವುದೇ ಆ ಬುಟ್ಟಿಯಲ್ಲಿ. ನನ್ನ ಹೆಂಡತಿ ಗಂಗಾಬಾಯಿ ಎರಡು ದಿನ ಒಲೆಯ ಮುಂದೆ ಕುಳಿತು ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆ ಎಣ್ಣೆಗಾಯಿ, ನಂಜಿಕೊಳ್ಳಲು ಗುರೆಳ್ಳು ಹಿಂಡಿ, ಕರ್ಚಿಕಾಯಿ ಎಲ್ಲ ಮಾಡಿದಳು. ಹೊರಡುವ ಹಿಂದಿನ ದಿನ ಅವಳ ಕಾಲು ಉಳುಕಿತು.

“ನಾ ಒಯ್ತೀನಿ,” ಎಂದೆ.

“ನೀವೇನ್ರೀ?” ಅವಳ ಮುಖದಲ್ಲಿ ಕಾಲು ನೋವಿಗಿಂತ ದೊಡ್ಡ ನೋವು ಕಾಣಿಸಿತು. “ದಾರ್ಯಾಗ ಯಾರರೆ ಸಿಕ್ರ ಮಾತಿಗೆ ನಿಂದರಬ್ಯಾಡ್ರಿ. ನೀಲಿ ಶೇಂಗಾ ಹೋಳಿಗಿ ಬೇಕಂತ ಮೂರು ಸಲ ಹೇಳಿ ಕಳಿಸ್ಯಾಳ.”

“ನಾನೇನ್ ಸಣ್ಣ ಕೂಸೇನ?” ಎಂದು ಬಂಡಿ ಹತ್ತಿದೆ.

ಮಧ್ಯಾಹ್ನ ಬಂಡಿಯ ಮಸ್ತಾನ್ ಸಾಬ ಎತ್ತುಗಳಿಗೆ ನೀರು ಕುಡಿಸಲು ಒಂದು ಬಾವಿಯ ಹತ್ತಿರ ನಿಲ್ಲಿಸಿದ. ಅಲ್ಲಿನ ಬೇವಿನ ನೆರಳಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಇಬ್ಬರು ಜವಾನರೊಂದಿಗೆ ಕುಳಿತಿದ್ದ. ಈಗ ಕಂದಾಯ ಇಲಾಖೆಯ ಗಿರ್ದಾವರನಂತೆ. ಓಡಿ ಬಂದು ಕಾಲಿಗೆ ಬಿದ್ದ.

“ಸಾಹೇಬ್ರ, ನಿಮ್ಮ ಕಡೀ ಪಾಠ ಅರ್ಧಕ್ಕ ನಿಂತಿತ್ತು ನೋಡ್ರಿ. ರುಚಿ ಅನ್ನೂದು ತಿನಿಸಿನ್ಯಾಗ ಇರ್ತದೋ, ನಾಲಿಗ್ಯಾಗ ಇರ್ತದೋ?”

ಇಷ್ಟು ವರ್ಷವಾದರೂ ಒಬ್ಬನಾದರೂ ನನ್ನ ಪಾಠವನ್ನು ನೆನಪಿಟ್ಟಿದ್ದಾನೆ! ನನ್ನ ಎದೆ ಉಬ್ಬಿತು. ಬುದ್ಧಿ ಅಲ್ಲಿಗೇ ಕೈಕೊಟ್ಟಿತು.

ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣವಿಲ್ಲವೆಂದು ಬುಟ್ಟಿ ಬಿಚ್ಚಿ ಅವನಿಗೊಂದು ಹೋಳಿಗೆ ಕೊಟ್ಟೆ. ಒಬ್ಬನ ನಾಲಿಗೆ ಸಾಲದೆಂದು ಜವಾನರಿಗೂ ಕೊಟ್ಟೆ. ರೊಟ್ಟಿಯನ್ನು ಹಿಂಡಿಯೊಂದಿಗೆ ಒಮ್ಮೆ, ಹಿಂಡಿಯಿಲ್ಲದೆ ಒಮ್ಮೆ ಪರೀಕ್ಷಿಸಿದೆವು. ಹಸಿದವನಿಗೆ ಒಂದು ರುಚಿ, ಉಂಡವನಿಗೆ ಇನ್ನೊಂದು ರುಚಿ ಎಂಬ ಸೂಕ್ಷ್ಮ ಪ್ರಶ್ನೆ ಎದ್ದಿತು. ಅದಕ್ಕೆ ಉಂಡವರು ಬೇಕು. ಅಲ್ಲಿ ಯಾರೂ ಉಂಡಿರಲಿಲ್ಲ. ಆದ್ದರಿಂದ ಮೊದಲು ಎಲ್ಲರಿಗೂ ಹೊಟ್ಟೆ ತುಂಬ ಉಣ್ಣಿಸಬೇಕಾಯಿತು!

ಮತ್ತೆ ಬಂಡಿ ಹತ್ತಿ ಬುಟ್ಟಿ ಎತ್ತಿದಾಗಲೇ ನನಗೆ ಎಚ್ಚರವಾದದ್ದು.

“ಮಸ್ತಾನ್, ಬುಟ್ಟಿ ಭಾಳ ಹಗುರ ಆಗ್ಯಾದಲ್ಲೋ!”

“ಹೌದ್ರಿ ಸಾಬ್. ಎತ್ತುಗೋಳು ಖುಷ್ ಆಗ್ಯಾವ.”

ಉಳಿದದ್ದು ಅರ್ಧ ಕರ್ಚಿಕಾಯಿ. ಇನ್ನರ್ಧ ಯಾರ ಹೊಟ್ಟೆ ಸೇರಿತೆಂದು ನಾನು ಹೇಳುವುದಿಲ್ಲ.

ಕಮಲಾಪುರದಲ್ಲಿ ಜಮಖಾನೆಯ ಮೇಲೆ ಹದಿನೈದು ಹೆಂಗಸರು ಕಾಯುತ್ತಿದ್ದರು. ಬೀಗತಿ ಶರಣಮ್ಮ ಬುಟ್ಟಿಯ ಬಟ್ಟೆ ಸರಿಸಿದರು. ತಳದಲ್ಲಿ ಅರ್ಧ ಕರ್ಚಿಕಾಯಿ ಒಂಟಿಯಾಗಿ ಕುಳಿತಿತ್ತು. ನಾನು ಗಂಟಲು ಸರಿಮಾಡಿಕೊಂಡು, “ನೋಡ್ರಿ, ಶೂನ್ಯ ಅಂದ್ರ ಏನೂ ಇಲ್ಲಂತಲ್ಲ...” ಎಂದು ಶುರುಮಾಡಿದೆ. ನೀಲಮ್ಮನ ಕಣ್ಣಲ್ಲಿ ನೀರು ಕಂಡಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು. “ಅತ್ತಿ, ಬಯಕಿ ಬುತ್ತಿ ಅಂದ್ರ ಬಸುರಿ ಬಯಸಿದ್ದು ಉಣಿಸೂದು ಹೌದಲ್ರಿ?”

“ಹೌದು.”

“ನಾ ಬಯಸಿದ್ದು ನಮ್ಮಪ್ಪನ ಕೈ ರೊಟ್ಟಿ. ಅದು ಬಿಸಿ ಬಿಸಿನೇ ಆಗಬೇಕು. ಕಲಬುರಗಿಯಿಂದ ಹ್ಯಾಂಗ ತರಬೇಕ್ರಿ? ಅದಕ್ಕ ಬುಟ್ಟಿ ಖಾಲಿ ಬಂದದ.”

ಹೆಣ್ಣಿಗೆ ತರ್ಕ ಯಾಕೆಂದು ಓಣಿಯವರು ನಕ್ಕರೂ ಬಿಡದೆ ಅವಳಿಗೆ ತರ್ಕ ಕಲಿಸಿದವನು ನಾನೇ. ಮೂವತ್ತು ವರ್ಷದಲ್ಲಿ ಕಾಲೇಜಿನ ಒಬ್ಬ ಹುಡುಗನೂ ಇಷ್ಟು ಚೊಕ್ಕವಾಗಿ ವಾದ ಕಟ್ಟಿರಲಿಲ್ಲ. ಹೆಮ್ಮೆಯಿಂದ ಸುತ್ತಲೂ ನೋಡಿದೆ. ವಾದದ ಅರ್ಥ ಹೊಳೆದದ್ದು ಆಮೇಲೆ. ರೊಟ್ಟಿ ನಾನು ಬಡಿಯಬೇಕು!

ಮೊದಲನೆಯದು ಕೈಗೆ ಅಂಟಿತು. ಎರಡನೆಯದು ಹಂಚಿಗೆ ಅಂಟಿತು. ಮೂರನೆಯದನ್ನು ರೊಟ್ಟಿ ಎಂದು ಕರೆಯಲು ಇಡೀ ಓಣಿ ಹಿಂಜರಿಯಿತು. ನೀಲಮ್ಮ ಚೂರೂ ಬಿಡದೆ ತಿಂದಳು.

ಶರಣಮ್ಮ ನಕ್ಕು, “ಬೀಗರೇ, ಮಗಳ ಬಯಕಿ ಸಲುವಾಗಿ ಒಲಿ ಮುಂದ ಕುಂತ ಅಪ್ಪನ್ನ ಇವತ್ತೇ ನೋಡಿದ್ದು ನೋಡ್ರಿ,” ಎಂದರು. ಮಗಳು ತವರಿನ ಮಾನ ಉಳಿಸಿದ್ದಳು. ಹೊರಡುವಾಗ ನನ್ನ ಕಿವಿಯಲ್ಲಿ, “ಅಪ್ಪಾ, ಖರೇ ಹೇಳ್ಬೇಕಂದ್ರ ನನಗ ಅವ್ವನ ಹೋಳಿಗಿನೇ ಬೇಕಾಗ್ಯಾದ,” ಎಂದಳು.

ಮನೆಗೆ ಬಂದು ಗಂಗಾಬಾಯಿಗೆ ಸತ್ಯವನ್ನೇ ಹೇಳಿದೆ. ತತ್ವಜ್ಞಾನಿಗೆ ಬೇರೆ ದಾರಿಯಿಲ್ಲ. ಮಸ್ತಾನ್ ಸಾಬ ಆಗಲೇ ಎಲ್ಲವನ್ನೂ ಹೇಳಿಬಿಟ್ಟಿದ್ದ!

ಮುಂದಿನ ವಾರ ಅವಳು ಮತ್ತೆ ಹೋಳಿಗೆ ಮಾಡಿ, ಕಾಲಿಗೆ ಪಟ್ಟಿ ಕಟ್ಟಿಕೊಂಡು ತಾನೇ ಬಂಡಿ ಹತ್ತಿದಳು. ನೀಲಮ್ಮ ಕೂತಲ್ಲೇ ಐದು ಹೋಳಿಗೆ ತಿಂದಳಂತೆ. ನಾನೂ ಬರುತ್ತೇನೆ ಎಂದದ್ದಕ್ಕೆ, “ನೀವು ಮನಿ ಕಾಯ್ರಿ. ಊಟಕ್ಕ ಬಾಜೂ ಮನ್ಯಾಗ ಹೇಳೀನಿ,” ಎಂದಿದ್ದಳು. ಹೋಗುವ ಮುನ್ನ ಅಡುಗೆಮನೆಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.